ಲಾಕ್ ಕಡತವನ್ನು ಗಿಟ್‌ನಿಂದ ಹೊರಗಿಡಬೇಡಿ

ಕೊಟ್ಟಾರ, ಮಣಿಪಾಲದ ಕಡೆ ಹೊಸದಾಗಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿರುವ ತಮ್ಮಂದಿರು, ತಂಗಿಯಂದಿರು ದಯವಿಟ್ಟು ಓದಿ.

ಕಳೆದ ವಾರ ಉಡುಪಿಯ ಗ್ರಾಹಕರೊಬ್ಬರ ಸರ್ವರ್‌ನಲ್ಲಿ ನಮ್ಮ ಪ್ರಾಜೆಕ್ಟ್ ಏಳಲೇ ಇಲ್ಲ. ಮಂಗಳೂರಿನ ಲ್ಯಾಪ್‌ಟಾಪ್‌ನಲ್ಲಿ ಅದೇ ಕೋಡ್ ಸರಿಯಾಗಿ ಓಡುತ್ತಿತ್ತು. ರಾತ್ರಿ ಹನ್ನೊಂದರವರೆಗೆ ಹುಡುಕಿದ ಮೇಲೆ ಕಾರಣ ಸಿಕ್ಕಿತು: ಪ್ಯಾಕೇಜ್-ಲಾಕ್.ಜೇಸನ್ ಎಂಬ ಲಾಕ್ ಕಡತ, ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ನಲ್ಲಿ ಇರಲೇ ಇಲ್ಲ.

ಪ್ರಾಜೆಕ್ಟ್‌ಗೆ ಬೇಕಾದ ಪ್ಯಾಕೇಜ್‌ಗಳನ್ನು (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಪಟ್ಟಿ ಮಾಡುವ ಪ್ಯಾಕೇಜ್.ಜೇಸನ್‌ನಲ್ಲಿ ^4.2.0 ಎಂದು ಬರೆದರೆ ಅದೇ ಆವೃತ್ತಿ ಬರುತ್ತದೆಂದು ನಂಬಬೇಡಿ. 5.0.0ಕ್ಕಿಂತ ಕೆಳಗಿನ ಯಾವ ಹೊಸ ಆವೃತ್ತಿಯೂ ಬರಬಹುದು. ನೀವು ಕೇಳಿದ ಪ್ಯಾಕೇಜ್ ಮಾತ್ರವಲ್ಲ, ಅದು ನೆಚ್ಚಿಕೊಂಡಿರುವ ಹತ್ತಾರು ಪ್ಯಾಕೇಜ್‌ಗಳೂ ಹೀಗೆಯೇ ಸದ್ದಿಲ್ಲದೆ ಬದಲಾಗುತ್ತವೆ. ಯಾವುದರ ಯಾವ ಆವೃತ್ತಿ ಎಂಬ ನಿಖರ ಲೆಕ್ಕ ಇರುವುದು ಲಾಕ್ ಕಡತದಲ್ಲಿ ಮಾತ್ರ. ಅದನ್ನು ಕೋಡ್‌ನಷ್ಟೇ ಜತನದಿಂದ ಕಾಪಾಡಿ.

ಈ ಪ್ಯಾಕೇಜ್‌ಗಳನ್ನು ಇಳಿಸಿಕೊಡುವ ಸಾಧನ ಎನ್‌ಪಿಎಂ. ಸರ್ವರ್‌ನಲ್ಲಿ ‘ಎನ್‌ಪಿಎಂ ಇನ್‌ಸ್ಟಾಲ್’ ಬದಲು ‘ಎನ್‌ಪಿಎಂ ಸಿಐ’ ಬಳಸಿ. ಅದು ಇಳಿಸಿದ ಪ್ಯಾಕೇಜ್‌ಗಳಿರುವ ನೋಡ್_ಮಾಡ್ಯೂಲ್ಸ್ ಫೋಲ್ಡರನ್ನು ಅಳಿಸಿ, ಲಾಕ್ ಕಡತದಲ್ಲಿ ಇರುವುದನ್ನಷ್ಟೇ ತರುತ್ತದೆ. ಪ್ಯಾಕೇಜ್.ಜೇಸನ್ ಮತ್ತು ಲಾಕ್ ಕಡತ ತಾಳೆಯಾಗದಿದ್ದರೆ ಅಲ್ಲೇ ನಿಲ್ಲುತ್ತದೆ. ಹಾಗೆ ನಿಲ್ಲುವುದೇ ಒಳ್ಳೆಯದು. ನಮ್ಮ ಮಳೆಗಾಲದಲ್ಲಿ ಇಂಟರ್ನೆಟ್ ಕೈಕೊಡುವಾಗ ಜೊತೆಗೆ ‘--ಪ್ರಿಫರ್-ಆಫ್‌ಲೈನ್’ ಸೇರಿಸಿ, ಮೊದಲೇ ಇಳಿಸಿಕೊಂಡದ್ದು ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಮಾತು. 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಬರೆದವರೇ ಹಿಂತೆಗೆದುಕೊಂಡಾಗ ಜಗತ್ತಿನಾದ್ಯಂತ ಎಷ್ಟೋ ಪ್ರಾಜೆಕ್ಟ್‌ಗಳ ಬಿಲ್ಡ್ (ಕೋಡನ್ನು ಓಡಿಸಲು ಸಿದ್ಧಗೊಳಿಸುವ ಕೆಲಸ) ನಿಂತುಹೋಗಿತ್ತು. ಅಷ್ಟು ಚಿಕ್ಕ ಕೆಲಸವಾದರೆ ಆ ಸಾಲುಗಳನ್ನು ನೀವೇ ಬರೆಯಿರಿ.