ಎರಡೇ ತಿಂಗಳು ಮಾತ್ರೆ ತಗೋತೀನಿ ಅಂದೆ, ಡಾಕ್ಟರ್ ಬೇಡ ಅಂದರು

ಸೈಕಿಯಾಟ್ರಿಸ್ಟ್ ಹತ್ತಿರ ಹೋಗುವಾಗಲೇ ಮನಸ್ಸಿನಲ್ಲಿ ಷರತ್ತು ಹಾಕಿಕೊಂಡಿದ್ದೆ. ಮಾತ್ರೆ ಕೊಟ್ಟರೂ ಎರಡು ತಿಂಗಳು, ಅಷ್ಟೇ. ದಸರಾ ರಜೆ ಮುಗಿಯುವಷ್ಟರಲ್ಲಿ ಬಿಟ್ಟಿರಬೇಕು, ಸ್ಟಾಫ್ ರೂಮಿನಲ್ಲಿ ಯಾರಿಗೂ ಸುಳಿವು ಸಿಗಬಾರದು. ಇದನ್ನೇ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ, "ಎರಡೇ ತಿಂಗಳು ಅನ್ನೋದಾದ್ರೆ ಶುರು ಮಾಡೋದೇ ಬೇಡ ಮೇಡಂ" ಅಂದರು. ಮಾತ್ರೆ ಬೇಡ ಅಂತ ವಾದ ಮಾಡಲು ತಯಾರಾಗಿ ಹೋದವಳು ನಾನು. ಅವರೇ ಬೇಡ ಅಂದರೆ ಏನು ಹೇಳುವುದು?

ಅವರ ಲೆಕ್ಕ ಹೀಗಿತ್ತು. ಡಿಪ್ರೆಶನ್ನಿನ ಈ ಮಾತ್ರೆ ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಗುಣ ಗೊತ್ತಾಗಲು ಆರು ವಾರವೋ ಇನ್ನೂ ಜಾಸ್ತಿಯೋ ಆಗಬಹುದು. ಮೊದಲ ಸಲ ಡಿಪ್ರೆಶನ್ ಬಂದವರು ಚೆನ್ನಾಗಾದ ಮೇಲೂ ಆರರಿಂದ ಒಂಬತ್ತು ತಿಂಗಳು ಅದೇ ಡೋಸ್ ಮುಂದುವರಿಸಬೇಕು. ಯಾಕೆಂದರೆ ಚೆನ್ನಾಗಾದ ಹೊಸತರಲ್ಲೇ ಬಿಟ್ಟರೆ ತಿರುಗಿ ಬರುವ ಸಾಧ್ಯತೆ ಹೆಚ್ಚು. ಆಮೇಲೆ ನಿಧಾನವಾಗಿ ಇಳಿಸಲು ಇನ್ನಷ್ಟು ವಾರ. ಅಂದರೆ ಇಲ್ಲಿ ಸ್ವಲ್ಪ ಕಾಲ ಅಂದರೂ ಹತ್ತಿರಹತ್ತಿರ ಒಂದು ವರ್ಷ. ಎರಡು ತಿಂಗಳಿಗೆ ನಿಲ್ಲಿಸಿದರೆ ಮೊದಲ ವಾರಗಳ ಕಷ್ಟವನ್ನೆಲ್ಲ ಅನುಭವಿಸಿ, ಲಾಭ ಬರುವ ಹೊತ್ತಿಗೆ ಎದ್ದು ಬಂದಂತೆ.

ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಟೀಚರ್, ಗಣಿತ. ಶಾಲೆ ಶುರುವಾದಾಗಿನಿಂದಲೇ ಬೆಳಗಿನ ಜಾವ ಮೂರಕ್ಕೆ ಎಚ್ಚರ ಆಗುತ್ತಿತ್ತು. ಊಟ ಮಾಡುತ್ತಿದ್ದೆ, ರುಚಿ ಇರಲಿಲ್ಲ. ಹತ್ತು ನಿಮಿಷದಲ್ಲಿ ತಿದ್ದುವ ಉತ್ತರ ಪತ್ರಿಕೆಗೆ ಅರ್ಧ ಗಂಟೆ ಬೇಕಾಗುತ್ತಿತ್ತು, ಕೂಡಿದ್ದನ್ನೇ ಮತ್ತೆ ಮತ್ತೆ ಕೂಡುತ್ತಿದ್ದೆ. ಅಳು ಮಾತ್ರ ಬರುತ್ತಿರಲಿಲ್ಲ. ಎಲ್ಲರೂ ಕೇಳುವುದು ಒಂದೇ, ಯಾಕೆ ಏನಾಯಿತು ಅಂತ. ಏನೂ ಆಗಿರಲಿಲ್ಲ ಕಣ್ರೀ. ಸಾವು ನೋವು, ಜಗಳ, ಸಾಲ ಯಾವುದೂ ಇಲ್ಲ. ಕಾರಣ ಇಲ್ಲ ಅಂದಮೇಲೆ ಇದು ಕಾಯಿಲೆ ಅಲ್ಲ, ಸುಮ್ನೆ ಸೋಮಾರಿತನ ಅಂತ ನನಗೂ ಅನ್ನಿಸಿಬಿಟ್ಟಿತ್ತು.

ಡಾಕ್ಟರ್ ಮೊದಲು ರಕ್ತ ಪರೀಕ್ಷೆ ಬರೆದರು: ಥೈರಾಯ್ಡ್, ಹಿಮೋಗ್ಲೋಬಿನ್, ಬಿ12. ಥೈರಾಯ್ಡ್ ಕಮ್ಮಿಯಾದರೂ ಮನುಷ್ಯ ಹೀಗೇ ಮಂಕಾಗುತ್ತಾನಂತೆ, ಅದನ್ನು ಬಿಟ್ಟು ಮನಸ್ಸಿಗೆ ಮಾತ್ರೆ ಕೊಟ್ಟರೆ ಉಪಯೋಗ ಇಲ್ಲ. ನನ್ನದೆಲ್ಲ ಸರಿ ಇತ್ತು. ಪಿಎಚ್‌ಕ್ಯೂ-9 ಅಂತ ಡಿಪ್ರೆಶನ್ ಎಷ್ಟಿದೆ ಅಂತ ಅಳೆಯುವ ಒಂದು ಹಾಳೆ ತುಂಬಿಸಿದರು. ಹಿಂದಿನ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ. 10 ಮುಟ್ಟಿದರೆ ಮಧ್ಯಮ, 15 ಮುಟ್ಟಿದರೆ ಅದಕ್ಕಿಂತ ಜೋರು. ನಾನು 15ರ ಮೇಲಿದ್ದೆ. ಕೊನೆಯ ಪ್ರಶ್ನೆ ಸಾಯುವ ಯೋಚನೆ ಬಗ್ಗೆ. ಅದಕ್ಕೆ ಸೊನ್ನೆ ಹಾಕಿದ್ದೆ. ಆದರೂ ಅವರು ಪೆನ್ನಿನ ತುದಿ ಅಲ್ಲೇ ಇಟ್ಟು ಇನ್ನೊಮ್ಮೆ ಬಾಯಿಬಿಟ್ಟು ಕೇಳಿದರು. ಆ ಉತ್ತರ ಬೇರೆ ಇದ್ದಿದ್ದರೆ ಯೋಚನೆ ಮಾಡಿ ಬನ್ನಿ ಅಂತ ನನ್ನನ್ನು ಕಳಿಸುತ್ತಿರಲಿಲ್ಲ, ಅದು ಕಾಯುವ ವಿಷಯ ಅಲ್ಲ.

ಇನ್ನೊಂದು ಪ್ರಶ್ನೆ ನಾನು ನಿರೀಕ್ಷಿಸಿರಲಿಲ್ಲ. ಯಾವಾಗಲಾದರೂ ನಿದ್ದೆಯೇ ಬೇಡ ಅನ್ನಿಸುವಷ್ಟು ಹುರುಪು, ವಿಪರೀತ ಮಾತು, ವಿಪರೀತ ಖರ್ಚು, ಹೀಗೆ ಕೆಲವು ದಿನ ಇದ್ದಿದ್ದು ಉಂಟಾ? ಮನೆತನದಲ್ಲಿ ಯಾರಿಗಾದರೂ? ಬೈಪೋಲಾರ್, ಅಂದರೆ ಕುಗ್ಗುವುದು ಮತ್ತು ಇಂಥ ವಿಪರೀತ ಹುರುಪು ಎರಡೂ ಬರುವ ಕಾಯಿಲೆ ಇರುವವರಿಗೆ ಬರೀ ಈ ಮಾತ್ರೆ ಕೊಟ್ಟರೆ ಮನಸ್ಸು ಆ ಹುರುಪಿನ ಕಡೆಗೆ ಜಿಗಿಯಬಹುದು ಅಂತ. ನಿಮಗೆ ಮಾತ್ರೆ ಬರೆದವರು ಇದನ್ನು ಕೇಳಿಲ್ಲ ಅಂದರೆ ನೀವೇ ಹೇಳಿ.

ತೀರ್ಮಾನ ಮಾಡಲು ಮೂರು ವಾರ ಕೇಳಿದೆ. ಕೊಟ್ಟರು, ಆದರೆ ಸುಮ್ನೆ ಕೂರಲು ಅಲ್ಲ. ವಾರಕ್ಕೊಮ್ಮೆ ಕೌನ್ಸೆಲಿಂಗ್, ಸಂಜೆ ನಡಿಗೆ, ದಿನಕ್ಕೊಂದು ಬಿಟ್ಟುಹೋದ ಕೆಲಸ ಮತ್ತೆ ಹಿಡಿಯುವುದು. ಡಿಪ್ರೆಶನ್ ಕಮ್ಮಿ ಮಟ್ಟದಲ್ಲಿದ್ದರೆ ಇಷ್ಟೇ ಸಾಕಾಗಬಹುದು, ಮೊದಲಿಗೇ ಮಾತ್ರೆ ಬೇಕಿಲ್ಲ ಅಂತ ಅವರೇ ಹೇಳಿದ್ದರು. ನನಗೆ ಕೌನ್ಸೆಲಿಂಗ್‌ನಲ್ಲಿ ಹೇಳಿದ್ದು ಅರ್ಥ ಆಗುತ್ತಿತ್ತು, ಮಾಡಲು ಕೈ ಕಾಲು ಏಳುತ್ತಿರಲಿಲ್ಲ.

ಈ ಮಧ್ಯೆ ಧಾರವಾಡಕ್ಕೆ ಮದುವೆಯಾಗಿ ಹೋಗಿರುವ ಅಕ್ಕ ಫೋನಿನಲ್ಲಿ, "ನೋಡವಾ ತಂಗಿ, ಒಮ್ಮೆ ಚಾಲೂ ಮಾಡಿದ್ರ ಬಿಡಾಕ ಆಗಂಗಿಲ್ಲಂತ ಆ ಗುಳಿಗಿ" ಅಂದಳು. ಅವಳ ಹೆದರಿಕೆಗೆ ಆಧಾರ ಇಲ್ಲದಿಲ್ಲ, ಆದರೆ ಅದು ಬೇರೆ ಮಾತ್ರೆಯದು. ಕ್ಲೊನಾಜೆಪಾಮ್, ಆಲ್ಪ್ರಾಜೊಲಾಮ್ ತರದ ನಿದ್ದೆ-ಆತಂಕದ ಮಾತ್ರೆಗಳು ಅಭ್ಯಾಸ ಆಗಿ ಅಂಟಿಕೊಳ್ಳುತ್ತವೆ. ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ವರ್ಷಗಟ್ಟಲೆ ತಗೊಳ್ಳುವವರನ್ನು ನಾನೇ ನೋಡಿದ್ದೇನೆ. ನನಗೆ ಬರೆಯಲಿದ್ದ ಎಸಿಟಲೋಪ್ರಾಮ್‌ಗೆ ಹಾಗೆ ಚಟ ಹತ್ತುವುದಿಲ್ಲ, ಡೋಸ್ ಏರಿಸುತ್ತಾ ಹೋಗಬೇಕು ಅನ್ನಿಸುವುದಿಲ್ಲ. ಆದರೆ ದಿಢೀರಂತ ನಿಲ್ಲಿಸಿದರೆ ಮೈ ತಕರಾರು ಮಾಡುತ್ತದೆ. ಎರಡನ್ನೂ ಒಂದೇ ಅಂದುಕೊಂಡರೆ ತೀರ್ಮಾನ ತಪ್ಪುತ್ತದೆ.

ಕೊನೆಗೆ ಹೂಂ ಅಂದಿದ್ದು ಗುಣ ಆಗುತ್ತದೆ ಅನ್ನುವ ಭರವಸೆಯಿಂದ ಅಲ್ಲ. ನಿಲ್ಲಿಸುವುದು ಹೇಗೆ, ಯಾವಾಗ ಅಂತ ಶುರು ಮಾಡುವ ಮೊದಲೇ ಅವರ ಕೈಲಿ ಬರೆಸಿಕೊಂಡೆ. ಆರು ವಾರಕ್ಕೆ ಏನೂ ಬದಲಾವಣೆ ಇಲ್ಲದಿದ್ದರೆ ಮುಂದೇನು, ಚೆನ್ನಾದರೆ ಎಲ್ಲಿಯವರೆಗೆ, ಇಳಿಸುವುದು ಯಾವ ತಿಂಗಳಲ್ಲಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹೊತ್ತಿಗೆ ಮಾತ್ರೆ ಇಳಿಸುವ ಮಾತೇ ಬೇಡ, ಬೇಸಿಗೆ ರಜೆಗೆ ಇಟ್ಟುಕೊಳ್ಳೋಣ ಅಂತ ನಾನೇ ಹೇಳಿದೆ. ಅಷ್ಟೊತ್ತಿಗೆ ಚೆನ್ನಾಗಾಗಿ ಆರು ತಿಂಗಳಾಗಿದ್ದರೆ ಮಾತ್ರ ಅಂತ ಅವರು ಸೇರಿಸಿದರು. ಈ ಹಾಳೆ ಕೈಗೆ ಬಂದ ಮೇಲೆ ನನಗೆ ಧೈರ್ಯ ಬಂತು.

ಮೊದಲ ವಾರ 5 ಮಿಲಿಗ್ರಾಂ, ಆಮೇಲೆ 10. ತಿಂಡಿ ಆದಮೇಲೆ ತಗೊಂಡರೂ ಹೊಟ್ಟೆ ತೊಳಸುತ್ತಿತ್ತು. ಎದೆ ಢವಢವ ಜಾಸ್ತಿಯೇ ಆಯಿತು. ಇದು ಆಗುತ್ತದೆ ಅಂತ ಮೊದಲೇ ಹೇಳಿದ್ದರಿಂದ ಬಿಡಲಿಲ್ಲ. ಇಪ್ಪತ್ತೈದರ ಒಳಗಿನವರಾದರೆ ಈ ಮೊದಲ ವಾರಗಳಲ್ಲಿ ಮನೆಯವರು ಇನ್ನೂ ಹುಷಾರಾಗಿ ನೋಡಿಕೊಳ್ಳಬೇಕು, ಸಾಯುವ ಯೋಚನೆ ಹೆಚ್ಚಾಗುವ ಅಪಾಯ ಆ ವಯಸ್ಸಿನಲ್ಲಿದೆ. ಅಂಥದ್ದು ಬಂದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಮೊದಲು ಸರಿಯಾಗಿದ್ದು ನಿದ್ದೆ. ಮನಸ್ಸು ಹಗುರಾಗಿದ್ದು ಎಷ್ಟೋ ಆಮೇಲೆ, ಅದು ನನಗಿಂತ ಮೊದಲು ನಮ್ಮ ಮನೆಯವರಿಗೆ ಗೊತ್ತಾಯಿತು, "ಸಾರಿಗೆ ಉಪ್ಪು ಕಮ್ಮಿ ಅಂತ ಬೈತಾ ಇದೀಯ, ಪರವಾಗಿಲ್ಲ" ಅಂದರು. ಇನ್ನೊಂದು ವಿಷಯವನ್ನು ನಮ್ಮ ಕಡೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಗಂಡ ಹೆಂಡತಿ ಸಂಬಂಧದಲ್ಲಿ ಆಸೆ ಕಮ್ಮಿಯಾಯಿತು. ಈ ಗುಂಪಿನ ಮಾತ್ರೆಗಳಲ್ಲಿ ಗಂಡಸರಿಗೂ ಹೆಂಗಸರಿಗೂ ಇದು ಸಾಮಾನ್ಯ. ಎಷ್ಟೋ ಜನ ಇದೇ ಕಾರಣಕ್ಕೆ ಡಾಕ್ಟರಿಗೂ ಹೇಳದೆ ಮಾತ್ರೆ ನಿಲ್ಲಿಸುತ್ತಾರೆ. ಡೋಸ್ ಕಮ್ಮಿ ಮಾಡಬಹುದು, ಮಾತ್ರೆ ಬದಲಿಸಬಹುದು, ದಾರಿಗಳಿವೆ. ನಾಚಿಕೊಂಡರೆ ನಷ್ಟ ನಮಗೇ. ಮಾತ್ರೆಗೆ ಒಂದು ಕೊನೆ ಇದೆ ಅಂತ ನನಗೆ ಗೊತ್ತಿದ್ದರಿಂದ ಬದಲಿಸದೆ ತಡೆದುಕೊಂಡೆ.

ಮಾತ್ರೆ ತಗೊಳ್ಳುವ ಕಾಲದಲ್ಲಿ ಕೌನ್ಸೆಲಿಂಗ್ ಬಿಡಲಿಲ್ಲ, ಮೊದಲು ಏಳದ ಕೈ ಕಾಲು ಈಗ ಏಳುತ್ತಿದ್ದವಲ್ಲ. ನನ್ನ ಮಟ್ಟಿಗೆ ಮಾತ್ರೆಯ ದೊಡ್ಡ ಉಪಕಾರ ಇದೇ.

ಇಳಿಸುವಾಗ 10ರಿಂದ 5ಕ್ಕೆ, ಕೆಲವು ವಾರ ಅಲ್ಲೇ, ಆಮೇಲೆ ಅದರ ಅರ್ಧ. ಕೊನೆಯ ಆ ಅರ್ಧ ಬಿಡುವುದೇ ಕಷ್ಟದ್ದು. ತಲೆ ತಿರುಗುವುದು, ಕಣ್ಣು ಹೊರಳಿಸಿದರೆ ತಲೆಯೊಳಗೆ ಚಿಕ್ಕ ಕರೆಂಟ್ ಹೊಡೆದ ಹಾಗೆ, ಸುಮ್ಮಸುಮ್ಮನೆ ಸಿಟ್ಟು. ಕಾಯಿಲೆ ವಾಪಸ್ ಬಂತು ಅಂತ ಹೆದರಬಹುದಿತ್ತು, ಆದರೆ ವ್ಯತ್ಯಾಸ ಹೇಳಿಕೊಟ್ಟಿದ್ದರು: ಡೋಸ್ ಇಳಿಸಿದ ಕೆಲವೇ ದಿನಕ್ಕೆ, ಅದೂ ಕರೆಂಟ್ ತಲೆಸುತ್ತು ಜೊತೆ ಬಂದರೆ ಬಹುಮಟ್ಟಿಗೆ ಬಿಡುವಾಗಿನ ತೊಂದರೆ. ಕಾಯಿಲೆ ವಾಪಸ್ ಬರುವುದು ಸಾಮಾನ್ಯವಾಗಿ ವಾರಗಟ್ಟಲೆ ನಿಧಾನವಾಗಿ. ನಾನು ಒಂದು ಮೆಟ್ಟಿಲು ಹಿಂದೆ ಹೋಗಿ ಇನ್ನಷ್ಟು ದಿನ ನಿಂತು ಮತ್ತೆ ಇಳಿದೆ. ಕೆಲವರಿಗೆ ತಿಂಗಳುಗಟ್ಟಲೆ ಬೇಕಾಗುತ್ತದೆ, ಡಿಪ್ರೆಶನ್ನಿನ ಬೇರೆ ಮಾತ್ರೆಗಳಾದ ಪ್ಯಾರೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಬಿಡುವುದು ಇದಕ್ಕಿಂತ ಕಷ್ಟ.

ಈಗ ಮಾತ್ರೆ ಇಲ್ಲ. ಎರಡನೇ ಸಲ ಬಂದರೆ ಇನ್ನೂ ಜಾಸ್ತಿ ಕಾಲ ತಗೊಳ್ಳಬೇಕಾಗಬಹುದು ಅಂತ ಡಾಕ್ಟರ್ ಕೊನೆಯ ಭೇಟಿಯಲ್ಲಿ ಹೇಳಿದ್ದಾರೆ. ಅದಕ್ಕೆ ನಾನಿನ್ನೂ ಹೂಂ ಅಂದಿಲ್ಲ. ಬಂದರೆ ಮತ್ತೆ ಹಾಳೆ ಪೆನ್ನು ಹಿಡಿದು ಕೂತು, ನಿಲ್ಲಿಸುವುದು ಯಾವಾಗ ಅಂತ ಮೊದಲು ಕೇಳುತ್ತೇನೆ.