ಬದನೆ ಸಾಲಿನಲ್ಲಿ ಜೇನು ಪಾಠ

ಪುತ್ತೂರಿನ ಹತ್ತಿರ ನಮ್ಮದು ಅಡಿಕೆ ತೋಟ. ಏಪ್ರಿಲ್ ರಜೆಗೆ ಅಕ್ಕನ ಮಕ್ಕಳು ಬೆಂಗಳೂರಿನಿಂದ ಬಂದಿದ್ದರು. ಜೇನು ಅಂದರೆ ಪೆಟ್ಟಿಗೆಯ ತುಡುವೆ, ಇಲ್ಲವೇ ನೀರಿನ ಟ್ಯಾಂಕಿಗೆ ಜೋತುಬಿದ್ದ ಹೆಜ್ಜೇನು. ಅಷ್ಟೇ ಅವರಿಗೆ ಗೊತ್ತಿದ್ದದ್ದು. ರಾಣಿ, ಎರಿ ಏನೂ ಇಲ್ಲದೆ ಒಂಟಿಯಾಗಿ ಬದುಕುವ ಜೇನುಗಳೂ ಇವೆ ಅಂದರೆ ನಂಬಲಿಲ್ಲ. "ಹಾಗಾದ್ರೆ ತೋರಿಸಿ ಮಾವ" ಅಂದರು.

ಬೆಳಿಗ್ಗೆ ಬಿಸಿಲೇರುವ ಮೊದಲೇ ಬದನೆ ಸಾಲಿನ ಪಕ್ಕ ಕೂರಿಸಿದೆ. ಕೈ ಬೀಸಬಾರದು, ಸುಮ್ನೆ ನೋಡಬೇಕು. ಸ್ವಲ್ಪ ಹೊತ್ತಿಗೆ ಹೊಟ್ಟೆ ಮೇಲೆ ನೀಲಿ ಪಟ್ಟೆಯ ಜೇನೊಂದು ಬಂತು. ಹೂವಿನ ನಡುವಿನ ಹಳದಿ ಕೊಳವೆಗಳನ್ನು ತಬ್ಬಿಕೊಂಡಿತು. ಹಾರುವ ಸದ್ದು ನಿಂತು ಝೀಂ ಅಂತ ಚೂಪಾದ ಸದ್ದು. ಪಕ್ಕದ ಹೂವಿಗೆ ಹೋಯಿತು, ಮತ್ತೆ ಅದೇ. "ಯಾಕೆ ಕಿರುಚುತ್ತೆ ಅದು?" ಅಂದಳು ಚಿಕ್ಕವಳು.

ಬದನೆ ಹೂವಿನ ಪರಾಗ ಆ ಕೊಳವೆಗಳ ಒಳಗೇ ಇರುತ್ತದೆ. ಹೊರಗೆ ಬರಲು ತುದಿಯಲ್ಲಿ ಸಣ್ಣ ತೂತು ಮಾತ್ರ. ಈ ಜೇನು ರೆಕ್ಕೆ ಬಡಿಯದೆ, ಹಾರುವ ಸ್ನಾಯುಗಳನ್ನಷ್ಟೇ ನಡುಗಿಸಿ ಪರಾಗ ಉದುರಿಸುತ್ತದೆ. ತುಡುವೆಗೆ ಆ ವಿದ್ಯೆ ಬರುವುದಿಲ್ಲ. ಬಾಯಲ್ಲಿ ಹೇಳಿದ್ದು ಸಾಲಲಿಲ್ಲ. ದೊಡ್ಡವನ ಬ್ಯಾಟರಿ ಟೂತ್‌ಬ್ರಷ್ ತರಿಸಿ, ಚಾಲು ಮಾಡಿ ಹೂವಿಗೆ ತಾಗಿಸಿದೆವು. ಅವನ ಅಂಗೈ ಮೇಲೆ ತೆಳುವಾಗಿ ಹಳದಿ ಪುಡಿ ಬಿತ್ತು. ಆಮೇಲೆ ನಾನು ಕರೆಯಬೇಕಾಗಿ ಬರಲಿಲ್ಲ, ಅವರೇ ಹುಡುಕಿಕೊಂಡು ಹೊರಟರು.

ಕೊಟ್ಟಿಗೆಯ ಮುರಕಲ್ಲಿನ (ಕೆಂಪು ಕಲ್ಲಿನ) ಗೋಡೆಯಲ್ಲಿ ಮುಜಂಟಿ ಸಿಕ್ಕಿತು. ಇದು ಒಂಟಿಯಲ್ಲ, ಗುಂಪಾಗಿ ಬದುಕುವ ಜೇನು. ಕಪ್ಪು ಅಂಟಿನ ಕೊಳವೆ ಹೊರಗೆ ಚಾಚಿಕೊಂಡಿತ್ತು, ಬಾಯಲ್ಲಿ ಕಾವಲಿಗೆ ಕೂತ ಪುಟ್ಟ ಜೇನುಗಳು. ಕುಟುಕುವುದಿಲ್ಲ, ಆದರೆ ಕೆಣಕಿದರೆ ಕೂದಲಿಗೆ ನುಗ್ಗಿ ಕಚ್ಚುತ್ತವೆ. ಗೂಡು ಬಿಚ್ಚಿ ನೋಡೋಣ ಅಂತ ಹಟ ಮಾಡಿದರು. ಗೋಡೆ ಒಡೆದರೆ ಗೂಡು ಉಳಿಯುವುದು ಕಷ್ಟ, ಅದಕ್ಕೆ ಬಿಡಲಿಲ್ಲ. ನೆರೆಯವರ ಮುಜಂಟಿ ಪೆಟ್ಟಿಗೆಯಲ್ಲಿ ತೋರಿಸಿದೆ. ಎರಿಯ ಬದಲು ಕಂದು ಮೇಣದ ಪುಟ್ಟ ಗಡಿಗೆಗಳು, ಅದರೊಳಗೆ ಹುಳಿಸಿಹಿ ಜೇನುತುಪ್ಪ.

ಅಮ್ಮನ ಗುಲಾಬಿ ಎಲೆಗಳ ಅಂಚಿನಲ್ಲಿ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಅರ್ಧಚಂದ್ರಗಳಿದ್ದವು. ಹುಳ ಬಿದ್ದಿದೆ ಅಂತ ಅವರು ಔಷಧಿ ಹೊಡೆಸಲು ಹೊರಟಿದ್ದರು. "ಬೇಡ ಅಜ್ಜಿ, ಜೇನು ಗೂಡಿಗೆ ಒಯ್ಯೋದು" ಅಂತ ಮಕ್ಕಳೇ ತಡೆದರು. ಇದು ಎಲೆ ಕತ್ತರಿಸುವ ಜೇನು. ತೂತಿನೊಳಗೆ ಎಲೆ ಸುರುಳಿ ಸುತ್ತಿ, ಪರಾಗದ ಉಂಡೆ ಇಟ್ಟು ಮೊಟ್ಟೆ ಇಡುತ್ತದೆ. ಗಿಡಕ್ಕೆ ಅಂಥ ತೊಂದರೆಯೇನೂ ಆಗುವುದಿಲ್ಲ.

ಅದಕ್ಕಾಗಿ ಬಿದಿರಿನ ತುಂಡುಗಳನ್ನು ಕಟ್ಟಿ ಸೂರಿನಡಿ ತೂಗುಹಾಕಿದೆವು. ಒಂದು ತುದಿಯಲ್ಲಿ ಗಂಟು ಇರಬೇಕು, ಇನ್ನೊಂದು ತೆರೆದಿರಬೇಕು, ತೂತು ಕಿರುಬೆರಳಿಗಿಂತ ಸಣ್ಣದಿರಬೇಕು. ಇರುವೆ ಹತ್ತದ ಹಾಗೆ ತಂತಿಗೆ ಗ್ರೀಸ್ ಹಚ್ಚಿದ್ದೇನೆ. ನೀಲಿ ಪಟ್ಟೆಯದ್ದು ಗೂಡು ಮಾಡುವುದು ಮಣ್ಣಿನಲ್ಲಿ. ತೋಟದ ದರೆಯಲ್ಲಿ, ಅಂದರೆ ನೆಟ್ಟಗೆ ಕಡಿದ ಮಣ್ಣಿನ ಗೋಡೆಯಲ್ಲಿ, ಅದರ ತೂತುಗಳನ್ನು ಮಕ್ಕಳು ತೋರಿಸಿದ ಮೇಲೆ, ಆ ಭಾಗ ಕೆತ್ತಬೇಡಿ ಅಂತ ಕೆಲಸದವರಿಗೆ ಹೇಳಿಟ್ಟಿದ್ದೇನೆ.