ಎರಡು ಬಣ್ಣದ ಪೆನ್ಸಿಲ್ ಮತ್ತು ನಮ್ಮ ಹಕ್ಕಿನ ಮಾತು: ಬೈಲಕುಪ್ಪೆಯಿಂದ ನನ್ನ ಅನುಭವ

"ಕಾಲೇಜು ಮಕ್ಕಳ ಮುಂದೆ ಹಕ್ಕಿನ ಮಾತು ಎತ್ತಬೇಡಮ್ಮ, ಎರಡು ಕುಣಿತ ತೋರಿಸಿ, ಒಂದಿಷ್ಟು ಮೊಮೊ ಕೊಟ್ಟು ಬಾ" ಎಂದು ನಮ್ಮ ಟಿಬೆಟನ್ ನಿರಾಶ್ರಿತರ ಕ್ಯಾಂಪಿನ ಹಿರಿಯರು ನಾಲ್ಕು ವರ್ಷಗಳ ಹಿಂದೆ ನನಗೆ ಹೇಳಿದ್ದರು. ಮುಂಡಗೋಡ ಮತ್ತು ಕೊಳ್ಳೇಗಾಲದ ವಸಾಹತುಗಳಲ್ಲಿ ಇದೇ ಕೆಲಸ ಮಾಡುವ ಗೆಳೆಯರ ಅಭಿಪ್ರಾಯವೂ ಬೇರೆಯಾಗಿರಲಿಲ್ಲ. ಇಂದು ಪಿರಿಯಾಪಟ್ಟಣ, ಹುಣಸೂರು, ಕುಶಾಲನಗರದ ಸುತ್ತಮುತ್ತ ಹನ್ನೊಂದು ಕಾಲೇಜುಗಳಲ್ಲಿ, ನನ್ನ ನೆನಪಿನ ಲೆಕ್ಕದಲ್ಲಿ ಒಂಬೈನೂರಕ್ಕೆ ಕಡಿಮೆಯಿಲ್ಲದಷ್ಟು ವಿದ್ಯಾರ್ಥಿಗಳೊಡನೆ ಕುಳಿತು ಈ ಮಾತನ್ನು ಆಡಿದ್ದೇವೆ. ನಾಲ್ಕು ಕಾಲೇಜುಗಳು ನಾವು ಕೇಳದೆಯೇ ಎರಡನೆಯ ಸಲ ಕರೆದಿವೆ. ಆಗುವುದಿಲ್ಲ ಎಂದವರೇ ಈಗ ಹೇಗೆ ಮಾಡಿದಿರಿ ಎಂದು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಹಿರಿಯರ ಅಂಜಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆಗಿನ ಮೈಸೂರು ರಾಜ್ಯವು ಇಲ್ಲಿ ಸುಮಾರು ಮೂರು ಸಾವಿರ ಎಕರೆ ಕಾಡುಭೂಮಿಯನ್ನು ಬಿಟ್ಟುಕೊಟ್ಟ ಮೇಲೆ, 1960ರ ಕೊನೆಯಲ್ಲಿ ಬಂದ ಮೊದಲ ತಂಡದವರು ಡೇರೆಗಳಲ್ಲಿದ್ದುಕೊಂಡು, ಆನೆಗಳ ಭಯದ ನಡುವೆ ಮರ ಕಡಿದು ಹೊಲ ಮಾಡಿದವರು. ನೆರಳು ಕೊಟ್ಟವರ ಮನೆಯಲ್ಲಿ ಕುಳಿತು ಹಕ್ಕಿನ ಮಾತಾಡಿದರೆ ಉಪಕಾರ ಮರೆತಂತಾಗುತ್ತದೆ ಎಂಬುದು ಅವರ ಸಂಕೋಚ. ಆದರೆ ನಮ್ಮ ಪಕ್ಕದ ಊರಿನ ಹುಡುಗನಿಗೆ ನಮ್ಮ ಸ್ಥಿತಿ ಏನೆಂದು ತಿಳಿಯದಿದ್ದರೆ, ನಾಳೆ ಅವನು ಬ್ಯಾಂಕಿನ ಕೌಂಟರಿನಲ್ಲಿಯೋ ತಾಲ್ಲೂಕು ಕಚೇರಿಯಲ್ಲಿಯೋ ಕುಳಿತಾಗ ನಮ್ಮ ಕಾಗದವನ್ನು ಹಿಂದೆ ತಳ್ಳುತ್ತಾನೆ. ನನಗೆ ಅದೇ ದೊಡ್ಡ ಚಿಂತೆಯಾಗಿತ್ತು.

ಮೊದಲ ವರ್ಷ ನಾನು ಮಾಡಿದ್ದು ಭಾಷಣ. ಪ್ರೊಜೆಕ್ಟರ್ ಬಾಡಿಗೆಗೆ ತಂದು, ಬ್ಯಾನರ್ ಕಟ್ಟಿಸಿ, ವಿಶ್ವಸಂಸ್ಥೆಯ 1951ರ ನಿರಾಶ್ರಿತರ ಒಪ್ಪಂದದಿಂದ ಆರಂಭಿಸಿದೆ. ಮೂರು ಕಾರ್ಯಕ್ರಮಗಳಿಗೆ ಹದಿನಾಲ್ಕು ಸಾವಿರದ ಹತ್ತಿರ ಖರ್ಚಾಯಿತು. ಮೂರನೆಯ ಕಾಲೇಜಿನಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಆ ಒಪ್ಪಂದಕ್ಕೆ ಭಾರತ ಸಹಿಯನ್ನೇ ಹಾಕಿಲ್ಲ ಅಂದಮೇಲೆ ನಿಮಗೆ ಯಾವ ಹಕ್ಕಿದೆ ಅಕ್ಕಾ?" ಎಂದಳು. ಅವಳ ಧ್ವನಿಯಲ್ಲಿ ಕೊಂಕಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದಳು. ನನ್ನ ಬಳಿ ಉತ್ತರವಿರಲಿಲ್ಲ. ಎರಡನೆಯ ವರ್ಷ ಹಿರಿಯರ ಮಾತಿನಂತೆ ಆಹಾರ ಮೇಳ ಮಾಡಿದೆವು. ಚಳಿಗಾಲದ ಸ್ವೆಟರ್ ವ್ಯಾಪಾರದಲ್ಲಿ ಉಳಿಸಿದ್ದ ಹಣದಲ್ಲಿ ಇಪ್ಪತ್ತೆರಡು ಸಾವಿರ ಅದಕ್ಕೆ ಹೋಯಿತು. ಮಕ್ಕಳು ತಿಂದು, ಫೋಟೋ ತೆಗೆದುಕೊಂಡು, ಧನ್ಯವಾದ ಹೇಳಿ ಹೊರಟರು. ನಮ್ಮ ಹಿರಿಯರು ಸಂತೋಷಪಟ್ಟರು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಆ ಹುಡುಗಿಯ ಪ್ರಶ್ನೆಯೇ ಕೊನೆಗೆ ದಾರಿ ತೋರಿಸಿತು. ಒಪ್ಪಂದವನ್ನು ಬದಿಗಿಟ್ಟು, ಅವರ ಕೈಯಲ್ಲಿಯೇ ಇರುವ ಪುಸ್ತಕವನ್ನು ಹಿಡಿದೆ. ಪದವಿ ತರಗತಿಯ ಮಕ್ಕಳೆಲ್ಲರಿಗೂ ಸಂವಿಧಾನ ಒಂದು ಪಾಠ. ಮೂಲಭೂತ ಹಕ್ಕುಗಳ ಭಾಗವನ್ನು ಜೆರಾಕ್ಸ್ ಮಾಡಿಸಿ, ಐದೈದು ಜನರ ಗುಂಪಿಗೆ ಒಂದು ಪ್ರತಿ ಮತ್ತು ಎರಡು ಬಣ್ಣದ ಪೆನ್ಸಿಲ್ ಕೊಟ್ಟೆ. 'ನಾಗರಿಕ' ಎಂದಿರುವಲ್ಲಿ ಕೆಂಪು ಗೆರೆ, 'ವ್ಯಕ್ತಿ' ಎಂದಿರುವಲ್ಲಿ ನೀಲಿ ಗೆರೆ. ಇಷ್ಟೇ ಸೂಚನೆ. ಇಪ್ಪತ್ತು ನಿಮಿಷ ಕಳೆಯುವುದರೊಳಗೆ 15, 16, 19ನೆಯ ವಿಧಿಗಳು ಕೆಂಪಾಗಿಯೂ 14, 20, 21, 22, 25 ನೀಲಿಯಾಗಿಯೂ ಅವರ ಮುಂದೆ ಬಿದ್ದಿರುತ್ತವೆ. ಸರ್ಕಾರಿ ಕೆಲಸ ಮತ್ತು ವಾಕ್ ಸ್ವಾತಂತ್ರ್ಯ ಒಂದು ಕಡೆ. ಕಾನೂನಿನ ಮುಂದಿನ ಸಮಾನತೆ, ಜೀವ, ಧರ್ಮ ಇನ್ನೊಂದು ಕಡೆ. ನಾನು ಬಾಯಿ ತೆರೆಯುವ ಮೊದಲೇ ಅರ್ಧ ಪಾಠ ಮುಗಿದಿರುತ್ತದೆ. ಅರುಣಾಚಲದಲ್ಲಿ ನೆಲೆಸಿದ ಚಕ್ಮಾ ನಿರಾಶ್ರಿತರ ವಿಷಯದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ 21ನೆಯ ವಿಧಿಯನ್ನು ಹಿಡಿದೇ ಅವರ ಜೀವವನ್ನು ಕಾಪಾಡುವುದು ರಾಜ್ಯದ ಹೊಣೆ ಎಂದ ತೀರ್ಪನ್ನು ಅನಂತರ ಎರಡು ಮಾತಿನಲ್ಲಿ ಹೇಳಿದರೆ ಸಾಕಾಗುತ್ತದೆ. ಹುಣಸೂರಿನ ಕಡೆಯ ಒಂದು ಗುಂಪು 21ಎ ವಿಧಿಯಲ್ಲಿ ನಾಗರಿಕನೂ ಇಲ್ಲ, ವ್ಯಕ್ತಿಯೂ ಇಲ್ಲ, 'ಮಕ್ಕಳು' ಮಾತ್ರ ಇದ್ದಾರೆ ಎಂದು ಕಂಡುಹಿಡಿದು ಮೂರನೆಯ ಪೆನ್ಸಿಲ್ ಕೇಳಿತು. ಅಂದಿನಿಂದ ಚೀಲದಲ್ಲಿ ಹಸಿರು ಪೆನ್ಸಿಲನ್ನೂ ಇಟ್ಟುಕೊಂಡಿದ್ದೇನೆ.

ಇದಾದ ಮೇಲೆ ನಮ್ಮ ಮನೆಯ ಲೆಕ್ಕ. ನಮ್ಮ ತಂದೆ ತಾಯಿ ಇಬ್ಬರೂ ಹುಟ್ಟಿದ್ದು ಟಿಬೆಟ್‌ನಲ್ಲಿ. ನನ್ನ ಅಣ್ಣ 1985ರಲ್ಲಿ ಬೈಲಕುಪ್ಪೆಯಲ್ಲಿ ಹುಟ್ಟಿದ. ನಾನು 1988ರಲ್ಲಿ, ಅದೇ ಮನೆಯಲ್ಲಿ. ನಮ್ಮಿಬ್ಬರಲ್ಲಿ ಯಾರು ಭಾರತದ ನಾಗರಿಕರು ಎಂದು ಪೌರತ್ವ ಕಾಯಿದೆಯ ಒಂದು ಪುಟ ಕೊಟ್ಟು ಕೇಳುತ್ತೇನೆ. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲಿನವರೆಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ನಾಗರಿಕರು, ಟಿಬೆಟಿಯನ್ನರಿಗೂ ಅದು ಅನ್ವಯಿಸುತ್ತದೆ ಎಂಬುದನ್ನು 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಒಪ್ಪಿಕೊಂಡಿವೆ. ಹಾಗಾಗಿ ಅಣ್ಣನಿಗೆ ಮತದಾನದ ಹಕ್ಕಿದೆ. ನಾನು ವಿದೇಶೀಯರ ನೋಂದಣಿ ಪತ್ರ, ಅಂದರೆ ಆರ್‌ಸಿ ಹಿಡಿದು ಕಾಲಕಾಲಕ್ಕೆ ನವೀಕರಣಕ್ಕೆ ಹೋಗಬೇಕು. ಉತ್ತರ ಹೊಳೆದಾಗ ತರಗತಿ ಸುಮ್ಮನಾಗುತ್ತದೆ. ಆ ಮೌನದಲ್ಲಿ ಮಾತಾಡಬಾರದು ಎಂಬುದನ್ನು ನಾನು ಕಲಿಯುವುದಕ್ಕೆ ಐದಾರು ತರಗತಿಗಳು ಬೇಕಾದವು.

ಎಲ್ಲಕ್ಕಿಂತ ಫಲ ಕೊಟ್ಟದ್ದು ಮೂರನೆಯ ಹೆಜ್ಜೆ. ಇಲ್ಲಿ ನಾವು ಹೇಳುವುದಿಲ್ಲ, ಸಹಾಯ ಕೇಳುತ್ತೇವೆ. ನಮ್ಮ ಅಜ್ಜಿಯರಲ್ಲಿ ಇಬ್ಬರು ಮೂವರು ತಮ್ಮ ಕಾಗದದ ಚೀಲ ಹಿಡಿದು ಬಂದು ಮಕ್ಕಳ ಪಕ್ಕ ಕುಳಿತುಕೊಳ್ಳುತ್ತಾರೆ. ಒಂದು ಗುಂಪು ಅಜ್ಜಿಗೆ ಬ್ಯಾಂಕ್ ಖಾತೆ ತೆರೆಸಬೇಕು, ಇನ್ನೊಂದು ಆಧಾರ್ ವಿಳಾಸ ಬದಲಿಸಬೇಕು, ಮತ್ತೊಂದು 2014ರ ಟಿಬೆಟನ್ ಪುನರ್ವಸತಿ ನೀತಿಯ ಪ್ರಕಾರ ಪಡಿತರಕ್ಕೂ ಉದ್ಯೋಗ ಖಾತ್ರಿಗೂ ಅರ್ಜಿ ಬರೆಯಬೇಕು. ಆಧಾರ್ ಕೊಡುವುದು ನಿವಾಸಿಗಳಿಗೆ, ಬರಿಯ ನಾಗರಿಕರಿಗಲ್ಲ ಎಂಬುದು ಹೆಚ್ಚಿನ ಅಧ್ಯಾಪಕರಿಗೂ ಹೊಸ ವಿಷಯವೇ. "ನಿಮಗೆ ಭೂಮಿ ಪುಕ್ಕಟೆ ಸಿಕ್ಕಿದೆಯಲ್ಲ" ಎಂದು ಪ್ರತಿ ಕಾಲೇಜಿನಲ್ಲಿಯೂ ಒಬ್ಬನಾದರೂ ಕೇಳುತ್ತಾನೆ. ಹೊಗೆಸೊಪ್ಪು ಬೆಳೆಯುವ ಮನೆಯ ಹುಡುಗನೊಬ್ಬ ಹಾಗೆ ಕೇಳಿದಾಗ ಅಜ್ಜಿ ತನ್ನ ಕನ್ನಡದಲ್ಲಿ, "ಉಳಬೋದು ಮಗ, ಮಾರಕ್ಕಾಗಲ್ಲ, ನಮ್ದು ಅನ್ನಕ್ಕಾಗಲ್ಲ" ಎಂದರು. ಗುತ್ತಿಗೆಯ ಭೂಮಿ ಎಂದರೆ ಏನೆಂದು ರೈತನ ಮಗನಿಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ. ತಿಂಗಳ ಮೇಲೆ ಅದೇ ಹುಡುಗ ಅಜ್ಜಿಯೊಡನೆ ಒಂದು ಬ್ಯಾಂಕ್ ಶಾಖೆಗೆ ಹೋಗಿ, ಎರಡು ಸಲ ತಿರುಗಿ ಬಂದಿದ್ದ ಅರ್ಜಿಯನ್ನು ಒಪ್ಪಿಸಿ ಬಂದ. ಈ ಕೆಲಸದಲ್ಲಿ ನಾನು ಅಷ್ಟು ಸಂತೋಷಪಟ್ಟ ದಿನ ಇನ್ನೊಂದಿಲ್ಲ.

ಆರಂಭದಲ್ಲಿ ತರಗತಿಯನ್ನು ಹಿಡಿದು ನಿಲ್ಲಿಸಲು ನಾನು ಕೇಳುವ ಒಂದು ಪ್ರಶ್ನೆಯಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಮೊದಲೇ ಕೇಳಿದವರ ಮುಂದೆ ಅದು ನಡೆಯುವುದಿಲ್ಲ. ಗುಂಪುಗಳಿಗೆ ಯಾವ ಕಾಗದವನ್ನು ಮೊದಲು ಕೊಡಬೇಕೆಂಬುದೂ ಹಾಗೆಯೇ, ಬಂದು ನೋಡಿದವರಿಗೆ ತೋರಿಸುತ್ತೇನೆ. ನಡುವೆ ಗೋಡೆ ಪತ್ರಿಕೆ ಮಾಡಿದೆವು, ಎರಡು ಸಂಚಿಕೆಗೆ ನಿಂತಿತು. ವಾಟ್ಸ್ಆ್ಯಪ್ ರಸಪ್ರಶ್ನೆಗೆ ಮೊದಲ ವಾರ ನೂರರಷ್ಟು ಉತ್ತರ ಬಂದವು, ನಾಲ್ಕನೆಯ ವಾರ ಆರು. ಎನ್‌ಎಸ್‌ಎಸ್ ವಾರದ ಶಿಬಿರದಲ್ಲಿ ಮಕ್ಕಳನ್ನು ಹಿರಿಯರೊಡನೆ ಮುಸುಕಿನ ಜೋಳ ಮುರಿಯಲು ಕಳುಹಿಸಿದ್ದು ಮಾತ್ರ ಚೆನ್ನಾಗಿ ನಡೆಯಿತು, ಹೊಲದಲ್ಲಿ ಮಾತು ತಾನಾಗಿ ಬರುತ್ತದೆ.

ಈಗ ಒಂದು ಕಾರ್ಯಕ್ರಮಕ್ಕೆ ಜೆರಾಕ್ಸ್, ಪೆನ್ಸಿಲ್, ಚಹಾ, ಅಜ್ಜಿಯರ ಆಟೋ ಎಲ್ಲ ಸೇರಿ ಒಂದೂವರೆ ಸಾವಿರದೊಳಗೆ ಮುಗಿಯುತ್ತದೆ. ಅಜ್ಜಿಯರ ಆಟೋದಲ್ಲಿ ಮಾತ್ರ ಎಂದೂ ಉಳಿತಾಯ ಮಾಡಬೇಡಿ. ಒಮ್ಮೆ ಬಸ್ಸಿನಲ್ಲಿ ಕರೆದೊಯ್ದು, ದಣಿದು ಕುಳಿತ ಅವರಿಂದ ಒಂದು ಮಾತೂ ಹೊರಡಲಿಲ್ಲ. ಹಳೆಯ ವಿದೇಶೀಯರ ಕಾಯಿದೆಗಳ ಜಾಗದಲ್ಲಿ 2025ರ ಹೊಸ ಕಾಯಿದೆ ಬಂದದ್ದರಿಂದ ಹಾಳೆಗಳನ್ನೆಲ್ಲ ತಿದ್ದಿ ಮತ್ತೆ ತೆಗೆಸಬೇಕಾಯಿತು, ಅದಕ್ಕೆ ಬೇರೆಯಾಗಿ ಎರಡು ಸಾವಿರ ಹೋಯಿತು. ಕುಣಿತ ಸಾಕು ಎಂದಿದ್ದ ಹಿರಿಯರಲ್ಲಿ ಒಬ್ಬರು ಮುಂದಿನ ತಿಂಗಳ ಕಾರ್ಯಕ್ರಮಕ್ಕೆ ತಾವೂ ಬರುವುದಾಗಿ ಹೇಳಿ, ತಮ್ಮ ಹಳೆಯ ಆರ್‌ಸಿಗಳ ಕಟ್ಟನ್ನು ಈಗಾಗಲೇ ನನ್ನ ಕೈಗೆ ಕೊಟ್ಟಿದ್ದಾರೆ.